ಹಲಗೆಯ ಮೇಲೆ ಮೂವತ್ತೊಂದು ಮಂದಿ

ಅವರು ಎಲ್ಲಿಗೆ ಹೋದರೂ ಮೊದಲು ಬಾಗಿಲು ಎಣಿಸುತ್ತಿದ್ದರು. ಇಳಕಲ್ಲಿನಲ್ಲಿ ನಾವಿಬ್ಬರೂ ಊಟಕ್ಕೆ ಹೋಗುತ್ತಿದ್ದ ಖಾನಾವಳಿಯಲ್ಲಿ ಮೊದಲ ದಿನವೇ, ಇನ್ನೂ ಕೈ ತೊಳೆಯುವ ಮುಂಚೆ, ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳನ್ನು ಕೇಳಿದರು: "ಅಕ್ಕಾರ, ಹಿಂದ ಬಾಗಲಾ ಐತೇನ್ರಿ?"

ಆಕೆ ಕೈ ನಿಲ್ಲಿಸಿ ಇವರನ್ನು ಮೇಲಿಂದ ಕೆಳಗೆ ನೋಡಿ, "ಐತ್ರಿ. ಆದ್ರ ರೊಕ್ಕಾ ಕೊಟ್ಟು ಹೋಗೂದು ಮುಂದಿನ ಬಾಗಲದಾಗರಿ" ಎಂದಳು.

ಇವರು ನಕ್ಕರು. ನಕ್ಕು, ಎದ್ದು ಹೋಗಿ ಹಿಂದಿನ ಬಾಗಿಲನ್ನು ನೋಡಿಯೇ ಬಂದರು. ಅದಕ್ಕೆ ಅಡ್ಡವಾಗಿ ಆಳೆತ್ತರ ಕಟ್ಟಿಗೆ ಒಟ್ಟಿದ್ದರು. ಊಟ ಮಾಡುತ್ತ ಆಕೆಗೆ ಹೇಳಿದರು: "ಅದು ಬಾಗಲಾ ಅಲ್ಲಕ್ಕಾರ, ಗ್ವಾಡಿ ಆಗೇತಿ. ನಿಮ್ಮ ಸಿಲಿಂಡರ್ ಮುಂದಿನ ಬಾಗಲದಾಗ ಐತಿ. ಅದು ಹೊತ್ತಿದ್ರ ಈ ಮಂದಿ ಎಲ್ಲಿಂದ ಹೋಗಬೇಕು?" ಮುಂದಿನ ತಿಂಗಳು ಹೋದಾಗ ಕಟ್ಟಿಗೆ ಅಲ್ಲಿರಲಿಲ್ಲ. ಆಕೆ ಇವರ ತಾಟಿಗೆ ಕೇಳದೆಯೇ ಇನ್ನೊಂದು ಚಮಚ ಶೇಂಗಾ ಚಟ್ನಿ ಹಾಕಿದಳು.

ಮಿಲ್ಲಿನ ಮಂದಿ ಅವರನ್ನು ಗಂಡಾಂತರ ಮಾಸ್ತರ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವರಿಗೂ ಅದು ಬೇಸರವಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದುದು ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಹತ್ತಿ ಮಿಲ್ಲಿನಲ್ಲಿ. ರೈತರು ತಂದ ಹತ್ತಿಯಿಂದ ಕಾಳು ಬಿಡಿಸಿ, ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ, ಅಂಡಿಗೆ, ಎಂದರೆ ದೊಡ್ಡ ಬೇಲು, ಕಟ್ಟಿ ಕಳಿಸುವ ಮಿಲ್ಲು. ನಾನು ಗೇಟಿನಲ್ಲಿ ಹಾಜರಿ ನೋಡುವವನು. ಹೈಸ್ಕೂಲು ಮುಗಿಸಿದ್ದೆ, ಅಕ್ಷರ ದುಂಡಾಗಿತ್ತು, ಅಷ್ಟರಿಂದಲೇ ಮೂವತ್ತು ವರ್ಷ ಆ ಗೇಟಿನಲ್ಲಿ ಕುಳಿತೆ. ಮಾಸ್ತರರು ಬಾಗಲಕೋಟೆ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಬೆಂಕಿ, ಅಪಘಾತ ನೋಡಿಕೊಳ್ಳುವ ವಿಭಾಗದಲ್ಲಿದ್ದು ನಿವೃತ್ತರಾದವರು. ಊರು ಬಾದಾಮಿ. ವಿಮೆಯವರು ಕೆಲಸಗಾರರಿಗೆ ತರಬೇತಿ ಆಗಲೇಬೇಕು ಎಂದು ಪಟ್ಟು ಹಿಡಿದದ್ದರಿಂದ ನಮ್ಮ ಮಾಲೀಕರು ಅವರನ್ನು ತಿಂಗಳಿಗೊಂದು ದಿನ ಬರಲು ಒಪ್ಪಿಸಿದ್ದರು. ಮಾಲೀಕರಿಗೆ ಬೇಕಾಗಿದ್ದುದು ಒಂದು ಸರ್ಟಿಫಿಕೇಟು. ಅವರು ಮಾತ್ರ ನಿಜವಾಗಿಯೇ ಕಲಿಸಲು ಬಂದುಬಿಟ್ಟರು.

ಈಗ ಅವರ ಮಗಳು ಅಪ್ಪನ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡಿಸುತ್ತಿದ್ದಾಳೆ. ಬಾದಾಮಿಯಲ್ಲಿ ಶಿಕ್ಷಕಿ. ನನ್ನ ನಂಬರು ಎಲ್ಲಿಂದಲೋ ಹುಡುಕಿ ಫೋನು ಮಾಡಿದಳು. "ಕಾಕಾರ, ಕಡೀ ದಿನ ಅಬ್ಬಾನ ಜೋಡಿ ನೀವ ಇದ್ರಿ. ನಾಕು ಪುಟ ಬರದು ಕೊಡ್ರಿ. ಎಲ್ಲಾರಿಗೂ ಒಳಗ ಹೋಗಬ್ಯಾಡ್ರಿ ಅಂತ ಹೇಳಾವ್ರು ತಾವ ಯಾಕ ಹೋದ್ರು ಅನ್ನೂದು ನಮಗ ಇನ್ನೂ ತಿಳಿದಿಲ್ಲ" ಎಂದಳು. ಬರೆಯುತ್ತೇನೆ ಎಂದೆ. ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಗೊತ್ತಿರುವವನು ಈ ಭೂಮಿಯ ಮೇಲೆ ನಾನೊಬ್ಬನೇ.

ಮೊದಲ ದಿನ ಅವರು ಮಿಲ್ಲಿಗೆ ಬಂದವರು ಆಫೀಸಿಗೆ ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಒಂದು ತಾಸು ಸುಮ್ಮನೆ ತಿರುಗಾಡಿದರು. ಆಗಾಗ ಬಗ್ಗಿ ನೆಲದಿಂದ ಏನನ್ನೋ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂರಿಸಿ ಕರವಸ್ತ್ರ ಬಿಚ್ಚಿದರು. ಒಂದು ತಂತಿಯ ತುಂಡು, ನಾಲ್ಕು ಹರಳು, ಎರಡು ಬೀಡಿ ತುಂಡು, ಒಂದು ನಟ್ಟು.

"ಇವು ಬೆಂಕಿ ಬೀಜರಿ. ಈ ಹರಳು ಹತ್ತ್ಯಾಗ ಕೂಡಿ ಯಂತ್ರದಾಗ ಹೋತಂದ್ರ ಒಂದು ಕಿಡಿ. ಒಂದ ಕಿಡಿ ಸಾಕು" ಎಂದರು. "ಈಗ ನೀವು ಹೇಳ್ರಿ. ಈ ಮಿಲ್ಲಿನ್ಯಾಗ ನಿಮಗ ಯಾವುದರ ಅಂಜಿಕಿ ಐತಿ?"

ಹತ್ತಿ ಆರಿಸುವ ಹೆಂಗಸರಲ್ಲಿ ಹಿರಿಯಳಾದವಳು, "ಸದ್ಯಕ್ಕ ನಿಮ್ಮ ಮಾರಿ ನೋಡಿದ್ರ ಅಂಜಿಕಿ ಬರಾಕತ್ತೇತ್ರಿ" ಎಂದಳು. ಎಲ್ಲರೂ ನಕ್ಕರು. ಅವರು ಗಂಭೀರವಾಗಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಒಂದು, ಮಾಸ್ತರನ ಮಾರಿ. ಎರಡನೇದು ಹೇಳ್ರಿ."

ಎರಡನೆಯದು, ಮೂರನೆಯದು ಬಂದವು. ಬೆಲ್ಟಿಗೆ ಸೆರಗು ಸಿಕ್ಕೀತೆಂಬ ಅಂಜಿಕೆ, ಪ್ರೆಸ್ಸಿನ ಕೋಣೆಗೆ ಒಂದೇ ಬಾಗಿಲು ಎಂಬುದು, ಅಂಡಿಗೆ ಜಾರೀತು ಎಂಬುದು. ಅಷ್ಟು ವರ್ಷ ಗೇಟಿನಲ್ಲಿದ್ದ ನನಗೆ ಇವರೆಲ್ಲ ಇಷ್ಟು ಅಂಜುತ್ತ ಕೆಲಸ ಮಾಡುತ್ತಿದ್ದಾರೆ ಎಂದು ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅಪಾಯವನ್ನು ಅಳೆಯುವ ಲೆಕ್ಕವನ್ನು ಅವರು ಒಲೆಯ ಮುಂದೆ ಕಲಿಸಿದಂತೆ ಕಲಿಸುತ್ತಿದ್ದರು. "ರೊಟ್ಟಿ ಮಾಡೂವಾಗ ಬೆರಳು ಸುಡೂದು ದಿನಾ ಆಗತೈತಿ. ಹೋಗೂದೇನು? ಒಂದು ಬೊಬ್ಬಿ. ಸಿಲಿಂಡರ್ ಸಿಡಿಯೂದು ಹುಟ್ಟಿದಾರಭ್ಯ ಆಗಿಲ್ಲ. ಆದ್ರ ಹೋಗೂದೇನು? ಮನಿ ಮಂದಿಯೆಲ್ಲ. ಎಷ್ಟು ಸಲ ಆಗತೈತಿ, ಆದ್ರ ಏನು ಹೋಗತೈತಿ, ಎರಡೂ ಕೂಡಿಸಿ ನೋಡ್ರಿ. ಆಗಿಲ್ಲ ಅಂತ ಮಲಗಬ್ಯಾಡ್ರಿ."

ಮೊದಲ ಸಲ ಬೆಂಕಿಯ ಗಂಟೆ ಹೊಡೆದು ಎಲ್ಲರನ್ನೂ ಹೊರಗೆ ಓಡಿಸುವ ಅಭ್ಯಾಸ ಮಾಡಿಸಿದಾಗ ಒಂದು ನಗೆಪಾಟಲಾಯಿತು. ಹತ್ತಿಗೆ ಮಣ್ಣು ಹತ್ತಬಾರದೆಂದು ನಮ್ಮಲ್ಲಿ ಎಲ್ಲರೂ ಬಾಗಿಲ ಒಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೆಲಸ ಮಾಡುತ್ತಿದ್ದರು. ಗಂಟೆ ಹೊಡೆದದ್ದೇ ತಡ, ಎಲ್ಲರೂ ಓಡಿ ಬಂದು ಬಾಗಿಲಲ್ಲಿ ನಿಂತು ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. "ಏ, ಅದು ನಂದಲೇ." "ನಿಂದ್ಯಾಕ ಆಗತೈತಿ, ಉಂಗುಟ ಹರದದ್ದು ನೋಡು." ಹಿಂದಿನವರು ಮುಂದಿನವರನ್ನು ದೂಡುತ್ತಿದ್ದರು. ಮಾಸ್ತರರು ಗಡಿಯಾರ ಹಿಡಿದು ನಿಂತಿದ್ದರು. ಕೊನೆಯವಳು ಹೊರಗೆ ಬಂದಾಗ ಹೇಳಿದರು: "ಖರೇ ಬೆಂಕಿ ಇದ್ದಿದ್ರ ಚಪ್ಪಲಿ ಅಷ್ಟ ಉಳೀತಿದ್ವು." ಮರುದಿನವೇ ತಾವೇ ನಿಂತು ಚಪ್ಪಲಿಯ ಜಾಗವನ್ನು ಬೇವಿನ ಗಿಡದ ಕೆಳಗೆ ಬದಲಾಯಿಸಿದರು. ಆ ಕೆಲಸಕ್ಕಾಗಿ ಅವರು ಆ ರಾತ್ರಿ ಬಾದಾಮಿಗೆ ಹೋಗದೆ ಇಳಕಲ್ಲಿನಲ್ಲೇ ಉಳಿದಿದ್ದರು.

ಗೇಟಿನ ಹಲಗೆಯೂ ಅವರದೇ. ಒಂದು ದೊಡ್ಡ ಹಲಗೆ, ಅದಕ್ಕೆ ಮೊಳೆಗಳು, ಪ್ರತಿ ಮೊಳೆಗೆ ಒಬ್ಬೊಬ್ಬರ ಹೆಸರಿನ ತಗಡು. ತಗಡಿನ ಒಂದು ಮೈ ಕೆಂಪು, ಇನ್ನೊಂದು ಹಸಿರು. ಒಳಗಿದ್ದರೆ ಕೆಂಪು, ಹೊರಗೆ ಹೋದರೆ ಹಸಿರು. ತಿರುವುವ ಕೆಲಸ ನನ್ನದು. ಅದನ್ನು ನನಗೆ ಒಪ್ಪಿಸಿದ ದಿನ ಅವರು ಚಹಾ ಕುಡಿಯುತ್ತ ಹೇಳಿದರು: "ಹಾಜರಿ ಸಾಹೇಬ್ರ, ನಿಮ್ಮ ಪುಸ್ತಕ ಪಗಾರಕ್ಕ. ಈ ಹಲಗಿ ಜೀವಕ್ಕ. ಪುಸ್ತಕದಾಗ ಏನರ ಮಾಡ್ಕೋರಿ, ನಾ ನೋಡೂದಿಲ್ಲ. ಹಲಗಿ ಮಾತ್ರ ಖರೆ ಇರಬೇಕು."

ಎರಡಕ್ಕೂ ವ್ಯತ್ಯಾಸವಿದೆ ಎಂದು ನಾನು ಒಪ್ಪಿಕೊಂಡೆ. ಆದರೆ ಮಾಲೀಕರು ಹೇಳದೆ ಕೇಳದೆ ಯಾವಾಗಲೋ ಬಂದು ಪುಸ್ತಕವನ್ನು ಹಲಗೆಯ ಜೊತೆ ತಾಳೆ ನೋಡಲು ಶುರು ಮಾಡಿದರು. ಆಮೇಲೆ ಹಲಗೆಯೂ ಪುಸ್ತಕದಂತೆಯೇ ಆಯಿತು.

ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನಿದ್ದ. ಅವನ ಹೆಸರನ್ನು ಇಲ್ಲಿ ಹನಮಂತ ಎಂದು ಇಟ್ಟುಕೊಳ್ಳುತ್ತೇನೆ. ಅವನ ಹೆಂಡತಿ ಮನೆಯಲ್ಲಿ ಸೀರೆ ನೇಯುತ್ತಿದ್ದಳು. ಇಳಕಲ್ಲ ಸೀರೆಗೆ ಮೈಯ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಪ್ರತಿ ಸೀರೆಗೂ ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬಳಿಂದ ಆಗುವುದಿಲ್ಲ, ಎದುರಿಗೆ ಇನ್ನೆರಡು ಕೈ ಬೇಕು. ಮೊದಲು ಅವನ ತಾಯಿ ಕೂರುತ್ತಿದ್ದಳು. ಆಕೆಗೆ ಕಣ್ಣು ಮಂಜಾದ ಮೇಲೆ ಕೊಂಡಿ ಹಾಕುವ ದಿನ ಬಂದರೆ ಹನಮಂತನೇ ಹೋಗಬೇಕಾಯಿತು. ಪ್ರೆಸ್ಸಿಗೆ ಸಾಲುವಷ್ಟು ಅರಳೆ ಇನ್ನೂ ಕೂಡಿರದ ಮಧ್ಯಾಹ್ನಗಳಲ್ಲಿ ಅವನು ಗೇಟಿಗೆ ಬಂದು ತಲೆ ಕೆರೆಯುತ್ತ ನಿಲ್ಲುತ್ತಿದ್ದ.

"ಕೊಂಡಿ ಐತೇನಲೇ?" ಎನ್ನುತ್ತಿದ್ದೆ.

"ಹೂಂರಿ ಯಜಮಾನ್ರ. ಎರಡು ತಾಸಿನ್ಯಾಗ ಬಂದಬಿಡ್ತೇನಿ."

ಹಸಿರು ತಿರುವಿದರೆ ಅವನ ಅರ್ಧ ದಿನದ ಪಗಾರ ಹೋಗುತ್ತಿತ್ತು. ನಾನು ತಿರುವುತ್ತಿರಲಿಲ್ಲ. ಇದನ್ನು ಉಪಕಾರ ಎಂದೇ ತಿಳಿದಿದ್ದೆ. ನನ್ನ ಮಗಳ ಮದುವೆಗೆ ಅವನ ಹೆಂಡತಿ ನೇಯ್ದ ಸೀರೆಯನ್ನೇ ತಂದಿದ್ದೆವು. ಒಂದೂರಿನವರು. ಒಬ್ಬರಿಗೊಬ್ಬರು ಇಷ್ಟೂ ಆಗದಿದ್ದರೆ ಹೇಗೆ ಎಂದುಕೊಂಡಿದ್ದೆ. ಅವನಿಗೆ ಮಾಡಿದೆ, ಆಮೇಲೆ ಇನ್ನೊಬ್ಬನಿಗೂ ಒಮ್ಮೆ, ಮತ್ತೊಬ್ಬಳಿಗೂ ಒಮ್ಮೆ ಮಾಡಿದೆ. ತಿಂಗಳಿಗೊಮ್ಮೆ ಗಂಡಾಂತರ ಮಾಸ್ತರರು ಬರುವ ದಿನ ಮಾತ್ರ ಹಲಗೆ ಖರೆ ಇರುತ್ತಿತ್ತು.

ಒಮ್ಮೆ ನಾನು ಅವರನ್ನು ಕೇಳಿದ್ದೆ. "ಸಾಹೇಬ್ರ, ಎಣಿಕಿ ಕಡಿಮಿ ಬಂತಂದ್ರ ಏನ ಮಾಡೂದ್ರಿ? ನೀವ ಹೇಳ್ತೀರಿ, ಯಾರೂ ಮತ್ತ ಒಳಗ ಹೋಗಬಾರದು ಅಂತ."

ಅವರು ಚಹಾದ ಕಪ್ಪನ್ನು ಬೆಂಚಿನ ಮೇಲೆ ಇಟ್ಟು, ಹಳೆಯ ಕಾರ್ಖಾನೆಯ ಒಂದು ದಿನದ ಮಾತು ಹೇಳಿದರು. ಅಲ್ಲಿ ಒಬ್ಬ ಕಡಿಮೆ ಬಿದ್ದಿದ್ದನಂತೆ. ನಿಯಮದಂತೆ ಅವರು ಹೊರಗೆ ನಿಂತು ಬೆಂಕಿ ಆರಿಸುವ ಗಾಡಿ ಬರುವುದನ್ನು ಕಾದರಂತೆ. ಒಳಗಿನಿಂದ ಅವನು ತಗಡಿನ ಗೋಡೆಯನ್ನು ಬಡಿಯುವುದು ಕೇಳುತ್ತಿತ್ತಂತೆ. ಆಮೇಲೆ ನಿಂತಿತಂತೆ.

"ನಿಮಗ ಹೋಗಬ್ಯಾಡ್ರಿ ಅಂತೇನಿ. ಅದು ಖರೆ. ಹೋದ್ರ ಎರಡು ಜೀವ ಹೋಗತಾವು" ಎಂದರು. "ಆದ್ರ ನಾ ಇದ್ದಾಗ ಒಬ್ಬ ಕಡಿಮಿ ಬಿದ್ದನಂದ್ರ ನಾ ನಿಂದರೂದಿಲ್ರಿ. ಇನ್ನೊಮ್ಮೆ ನಿಂದ್ರಾಕ ನನ್ನ ಕಡಿಂದ ಆಗೂದಿಲ್ಲ."

ಈ ಮಾತನ್ನು ಅವರು ನನ್ನೊಬ್ಬನಿಗೆ ಹೇಳಿದ್ದರು. ಮುಂದೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬೇಡಿ. ನನಗೆ ಗೊತ್ತಿತ್ತು.

ಬೆಂಕಿ ಬಿದ್ದ ದಿನ ಅವರ ತರಬೇತಿಯ ದಿನವಲ್ಲ. ಬನಶಂಕರಿಯ ಹತ್ತಿರ ಯಾರದೋ ಮದುವೆ ಮುಗಿಸಿಕೊಂಡು, ಹುನಗುಂದದಲ್ಲಿ ಏನೋ ಕೆಲಸವಿತ್ತೆಂದು ಬಂದವರು, ಇಳಕಲ್ಲಿನವರೆಗೂ ಬಂದು ಹೊಸ ಮರಳಿನ ಬಕೆಟ್ಟುಗಳನ್ನು ತೂಗುಹಾಕಿದ್ದಾರೋ ಇಲ್ಲವೋ ನೋಡಿ ಹೋಗೋಣವೆಂದು ಗೇಟಿಗೆ ಬಂದರು. ಮದುವೆಯ ಬಿಳಿ ಅಂಗಿಯಲ್ಲೇ ಇದ್ದರು. ಹಲಗೆಯ ಮುಂದೆ ಒಂದು ಗಳಿಗೆ ನಿಂತು, "ಮೂವತ್ತೊಂದು ಮಂದಿ ಒಳಗ. ಸೀಜನ್ ಜೋರ ಐತಿ" ಎಂದರು. ಹನಮಂತ ಹೋಗಿ ಅರ್ಧ ತಾಸಾಗಿತ್ತು. ಅವನ ತಗಡು ಕೆಂಪಾಗಿತ್ತು. ಅವರು ಹೋದ ಮೇಲೆ ತಿರುವಿದರಾಯಿತು ಎಂದುಕೊಂಡೆ. ಅವರ ಎದುರಿಗೆ ತಿರುವಲು ನಾಚಿಕೆಯಾಯಿತು.

ಚಹಾ ತರಿಸಿದೆ. ಚಹಾ ಬರುವಷ್ಟರಲ್ಲಿ ಗೋದಾಮಿನ ಕಡೆಯಿಂದ ಗಂಟೆ ಹೊಡೆಯಿತು.

ಮಂದಿ ಅವರು ಕಲಿಸಿದಂತೆಯೇ ಬಂದರು. ಯಾರೂ ಬುತ್ತಿಯ ಗಂಟಿಗೆ ತಿರುಗಿ ಹೋಗಲಿಲ್ಲ, ಯಾರೂ ನೂಕಲಿಲ್ಲ. ಬರಿಗಾಲಲ್ಲಿ ಬಂದು ಬೇವಿನ ಗಿಡದ ಕೆಳಗೆ ಸಾಲಾಗಿ ನಿಂತರು. ಹತ್ತಿಯ ಹೊಗೆ ದಟ್ಟವಾಗಿ, ಹಳದಿಯಾಗಿ, ಗೋದಾಮಿನ ಬಾಗಿಲಿನಿಂದ ನೆಲಕ್ಕೆ ಹತ್ತಿಕೊಂಡೇ ಬರುತ್ತಿತ್ತು. ಮಾಲೀಕರು ಆಫೀಸಿನಿಂದ ಓಡಿ ಬಂದು ನನ್ನ ಪಕ್ಕದಲ್ಲೇ ನಿಂತು ಅಗ್ನಿಶಾಮಕದವರಿಗೆ ಫೋನು ಮಾಡುತ್ತಿದ್ದರು. ಮಾಸ್ತರರು ಸಾಲಿನ ಮುಂದೆ ನಡೆದು ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹಲಗೆಯ ಹತ್ತಿರ ಬಂದರು.

"ಮೂವತ್ತರಿ. ಒಬ್ಬ ಕಡಿಮಿ." ಬೆರಳಿಟ್ಟು ತಗಡು ಓದುತ್ತ, ಸಾಲಿನ ಮುಖಗಳಿಗೆ ತಾಳೆ ನೋಡುತ್ತ ಹೋದರು. "ಹನಮಂತ. ಪ್ರೆಸ್. ಹನಮಂತ ಒಳಗ ಅದಾನೇನ್ರಿ?"

ನಾನು ಬಾಯಿ ತೆರೆದೆ. ಮಾಲೀಕರು ಫೋನನ್ನು ಕಿವಿಗೆ ಹಿಡಿದೇ ನನ್ನ ಕಡೆ ನೋಡಿದರು. ಇಲ್ಲ, ಅವನು ಮನೆಗೆ ಹೋಗಿದ್ದಾನೆ ಎನ್ನಲು ಎಷ್ಟು ಹೊತ್ತು ಬೇಕು. ನಾನು ಹೇಳಿದ್ದು ಇಷ್ಟು:

"ಹಲಗ್ಯಾಗ ಒಳಗ ಐತ್ರಿ."

ನನ್ನ ಬಾಯಿಂದ ಸುಳ್ಳು ಬರಬಾರದೆಂದು ಹಲಗೆಯ ಬಾಯಿಂದ ಹೇಳಿಸಿದೆ. ಮಾಸ್ತರರು ನನ್ನ ಮುಖವನ್ನು ಇನ್ನೊಂದು ಸಲ ನೋಡಿದರು. ನನ್ನನ್ನು ನಂಬಿದರು. ಹೆಗಲ ಮೇಲಿನ ಟವೆಲ್ಲನ್ನು ಮರದ ಕೆಳಗಿನ ನೀರಿನ ಕೊಡದಲ್ಲಿ ಅದ್ದಿ ಮುಖಕ್ಕೆ ಕಟ್ಟಿಕೊಂಡು, "ಯಾರೂ ನನ್ನ ಹಿಂದ ಬರಬ್ಯಾಡ್ರಿ" ಎಂದು ಹೇಳಿ, ಬಾಗಿಕೊಂಡು ಆ ಹಳದಿ ಹೊಗೆಯೊಳಗೆ ಹೋದರು. ಪ್ರೆಸ್ಸಿನ ಕೋಣೆ ಗೋದಾಮಿನ ಆಚೆಗಿತ್ತು. ಅದಕ್ಕೆ ಒಂದೇ ಬಾಗಿಲು.

ಕೂಗಬಹುದಿತ್ತು. ಹತ್ತು ಹೆಜ್ಜೆ ಓಡಿ ಅವರ ಅಂಗಿ ಹಿಡಿದು ಎಳೆಯಬಹುದಿತ್ತು. ಹೊಗೆಗೆ ಅಂಜಿ ತಾವೇ ತಿರುಗಿ ಬರುತ್ತಾರೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಬಂದು ನಿಂತದ್ದು ತಿಳಿಯಿತು. ತಿರುಗಿದೆ. ಹನಮಂತ. ಹೊಗೆ ಕಂಡು ಮನೆಯಿಂದ ಓಡಿ ಬಂದಿದ್ದ. ಬೆರಳಿಗೆ ಇನ್ನೂ ಕೆಂಪು ಎಳೆ ಸುತ್ತಿಕೊಂಡಿತ್ತು.

ಆಗಲೂ ನಾನು ಕೂಗಲಿಲ್ಲ. ಗೋದಾಮಿನ ಚಾವಣಿ ಕುಸಿದದ್ದು ಅದಾದ ಮೇಲೆ.

ಗಾಡಿ ಬಂತು. ಎಲ್ಲರೂ ಅದರ ಹಿಂದೆ ಓಡಿದರು. ಗೇಟಿನಲ್ಲಿ ನಾನೊಬ್ಬನೇ ಉಳಿದೆ. ಆ ಹೊತ್ತಿನಲ್ಲಿ ನಾನು ಮಾಡಿದ ಕೆಲಸವೆಂದರೆ ಹನಮಂತನ ತಗಡನ್ನು ಹಸಿರು ಮೈಗೆ ತಿರುವಿದ್ದು. ಆಮೇಲೆ ಉಳಿದವರದನ್ನೆಲ್ಲ ತಿರುವಿದೆ. ಮಾಸ್ತರರನ್ನು ಪ್ರೆಸ್ಸಿನ ಕೋಣೆಯಲ್ಲಿ, ಯಂತ್ರದ ಹಿಂದಿನ ಮೂಲೆಯಲ್ಲಿ ಹುಡುಕಿ ತೆಗೆದರು. ಒಬ್ಬ ಮನುಷ್ಯ ಅಡಗಿ ಕುಳಿತಿರಬಹುದಾದ ಜಾಗ ಅದೊಂದೇ ಆ ಕೋಣೆಯಲ್ಲಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಹಲಗೆ ನೋಡಿದರು. ಎಲ್ಲವೂ ಹಸಿರು. "ಎಲ್ಲರೂ ಹೊರಗಿದ್ದರು. ಮತ್ತೆ ಅವರು ಯಾಕೆ ಒಳಗೆ ಹೋದರು?" ಎಂದು ಕೇಳಿದರು. ಮಾಲೀಕರು ನನ್ನ ಕಡೆ ನೋಡಲಿಲ್ಲ. ನಾನು "ಗೊತ್ತಿಲ್ರಿ" ಎಂದೆ. ವರದಿಯಲ್ಲಿ ತರಬೇತುದಾರರು ತಾವೇ ನಿಯಮ ಮೀರಿದರು ಎಂದು ಬರೆದರು. ಊರಿನ ಮಂದಿ ಅದನ್ನು ತಮ್ಮ ಮಾತಿನಲ್ಲಿ ಹೇಳಿದರು: ಮುದುಕನಿಗೆ ಎಣಿಕೆ ತಪ್ಪಿತು. ನಾಲ್ಕು ವರ್ಷ ನಮಗೆ ಎಣಿಸಲು ಕಲಿಸಿದವರಿಗೆ ಎಣಿಕೆ ತಪ್ಪಿತು ಎಂದು ಚಹಾದಂಗಡಿಯಲ್ಲಿ ಜನ ನಕ್ಕಾಗ ನಾನೂ ಅಲ್ಲಿ ಕುಳಿತಿದ್ದೆ.

ಹನಮಂತ ಒಂದು ದಿನ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಯಜಮಾನ್ರ, ಒಂದು ಕೇಳ್ತೇನಿ. ನನ್ನ ತಗಡಾ ಒಳಗ ಇತ್ತೇನ್ರಿ ಆವತ್ತು? ಅವರು ನನ್ನ ಹುಡಕಾಕ ಹೋದ್ರೇನು?"

"ಇಲ್ಲಲೇ. ನೀ ಹೋದ ಗಳಿಗ್ಯಾಗ ತಿರುವಿದ್ದೆ."

ಅವನು ನನ್ನನ್ನು ನಂಬಲಿಲ್ಲ. ಆದರೂ "ಹಂಗಾರ ಸರಿ" ಎಂದು ಹೋದ. ಮಿಲ್ಲಿನ ಕೆಲಸ ಬಿಟ್ಟು ಹೆಂಡತಿಯ ಜೊತೆ ಗುಳೇದಗುಡ್ಡಕ್ಕೆ ಹೋಗಿ, ಅಲ್ಲಿ ಕುಪ್ಪಸದ ಖಣ ನೇಯುತ್ತಿದ್ದಾನೆ ಎಂದು ಕೇಳಿದೆ. ಇದನ್ನು ನೀನು ಓದಿದರೆ, ಹನಮಂತ, ತಪ್ಪು ನಿನ್ನದಲ್ಲ. ನೀನು ಹೋಗುತ್ತೇನೆ ಎಂದು ಹೇಳಿಯೇ ಹೋದವನು.

ಇಷ್ಟನ್ನು ಬರೆದು ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ಓದುವಾಗ ನಾನು ಎದುರಿಗೆ ಇರಬೇಕು ಎನ್ನಿಸಿತು. ಬಸ್ಸು ಹತ್ತಿ ಬಾದಾಮಿಗೆ ಹೋದೆ. ಕೊನೆಯ ಈ ಕೆಲವು ಸಾಲುಗಳನ್ನು ಅಲ್ಲಿಂದ ಬಂದ ಮೇಲೆ ಬರೆಯುತ್ತಿದ್ದೇನೆ.

ಅವಳು ಶಾಲೆಯಿಂದ ಆಗತಾನೇ ಬಂದಿದ್ದಳು. ನೀರು ಕೊಟ್ಟಳು. "ಕಾಕಾರ, ಅಷ್ಟು ದೂರಿಂದ ನೀವ್ಯಾಕ ಬರಾಕ ಹೋದ್ರಿ, ನಾನ ಬರ್ತಿದ್ನೆಲ್ಲ" ಎಂದಳು. ಪುಟಗಳನ್ನು ಕೊಟ್ಟೆ. ಖುರ್ಚಿಯ ಮೇಲೆ ಕುಳಿತು ಓದಿದಳು. ಖಾನಾವಳಿಯ ಭಾಗಕ್ಕೆ ನಕ್ಕಳು. ಆಮೇಲೆ ನಗಲಿಲ್ಲ. ಕೊನೆಗೆ ಬಂದವಳು ಮತ್ತೆ ಎರಡು ಪುಟ ಹಿಂದೆ ಹೋಗಿ ಓದಿದಳು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಪೊಲೀಸರನ್ನು ಕರೆದರೂ ಹೋಗಲು ತಯಾರಾಗಿದ್ದೆ.

"ಅಬ್ಬಾನ ಎಣಿಕಿ ತಪ್ಪಿರಲಿಲ್ಲ" ಎಂದಳು. ನನಗೆ ಹೇಳಿದ ಮಾತಲ್ಲ ಅದು.

ಪುಟಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು: "ಅಮ್ಮಿ ಅಬ್ಬಾನ ಮ್ಯಾಲೆ ಭಾಳ ಸಿಟ್ಟಾಗಿದ್ಲು. ಒಳಗ ಯಾರೂ ಇಲ್ಲದ ಜಾಗಾಕ್ಕ ಹೋಗಿ ಸತ್ತ, ನನ್ನ ನೆನಪ ಆಗಲಿಲ್ಲ ಅವಗ, ಅಂತಿದ್ಲು. ವರ್ಷಕ್ಕೊಮ್ಮೆ ಅಬ್ಬಾ ತೀರಿದ ದಿನ ಫಾತಿಹಾಕ್ಕ ಅಡಗಿ ಮಾಡ್ತಿದ್ಲು. ಹೆಸರ ಮಾತ್ರ ಒಮ್ಮೆನೂ ತಗೀಲಿಲ್ಲ."

"ಅವ್ವಾರು ಎಲ್ಲದಾರ ತಂಗಿ? ನಾ ಅವರ ಮುಂದ ಹೇಳ್ತೇನಿ. ಕಾಲ ಹಿಡೀತೇನಿ" ಎಂದು ಎದ್ದೆ.

"ಕುಂದರ್ರಿ" ಎಂದಳು. "ಈ ಮಳಿಗಾಲದಾಗ ತೀರಿಕೊಂಡ್ರು. ಅದಕ್ಕ ಪುಸ್ತಕ ಮಾಡ್ಸಾಕತ್ತೇನಿ. ಅಮ್ಮಿ ಇದ್ದಿದ್ರ ಮಾಡಗೊಡ್ತಿರಲಿಲ್ಲ."

ಕುಳಿತೆ. ಅವಳು ಪುಟಗಳ ಅಂಚು ಸರಿಮಾಡಿ, ಪಿನ್ನು ಹಾಕಿ, ಶಾಲೆಯ ಮಕ್ಕಳ ಪೇಪರುಗಳ ಮೇಲೆ ಇಟ್ಟಳು. "ಇದ್ದದ್ದು ಇದ್ದಂಗ ಅಚ್ಚು ಹಾಕಸ್ತೇನಿ, ಒಂದಕ್ಷರ ತಗಿಯೂದಿಲ್ಲ" ಎಂದಳು. ನಾನು ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ನಾನು ಕೇಳುವ ಹಾಗೂ ಇರಲಿಲ್ಲ. ಹೊರಡಲು ಎದ್ದಾಗ ಬಾಗಿಲವರೆಗೆ ಬಂದಳು.

"ಇಳಕಲ್ಲಿಂದ ಇಲ್ಲಿಗೆ ಬಸ್ಸಿಗೆ ಎಷ್ಟು ಹೊತ್ತು ಹಿಡೀತರಿ ಕಾಕಾರ?"

"ಎರಡು ತಾಸು, ತಂಗಿ."

"ಎರಡು ತಾಸು" ಎಂದಳು. "ಅಮ್ಮಿ ಈ ಮಳಿಗಾಲದ ತನಕಾ ಇಲ್ಲೇ ಇದ್ಲು."